ತಲೆ ಎತ್ತರಕ್ಕೆ ಕಿಕ್ ಹೊಡೆಯಲು ಪೂರ್ತಿ ಸ್ಪ್ಲಿಟ್ ಬೇಕೇ ಬೇಕಾ?

ಟಿಳಕವಾಡಿ ಬ್ಲೂಬೆಲ್ಟ್

ಎಲ್ಲರಿಗೂ ನಮಸ್ಕಾರ. ಬೆಳಗಾವಿಯಲ್ಲಿ ಟೇಕ್ವಾಂಡೊ ಕಲಿಯುತ್ತಿದ್ದೇನೆ. ವಯಸ್ಸು 34, ಎತ್ತರ 170 ಸೆಂ.ಮೀ. ದಿನವಿಡೀ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಸೊಂಟದ ಎತ್ತರಕ್ಕೆ ನನ್ನ ಡೊಲ್ಯೊ ಚಾಗಿ (ಪಕ್ಕದಿಂದ ಬೀಸುವ ರೌಂಡ್‌ಹೌಸ್ ಕಿಕ್) ಚೆನ್ನಾಗಿ ಬೀಳುತ್ತದೆ. ಎದೆಯವರೆಗೂ ಹೇಗೋ ಹೋಗುತ್ತದೆ. ಅದರ ಮೇಲೆ ಎತ್ತಿದರೆ ಮಾತ್ರ ಎಲ್ಲ ಕೆಡುತ್ತದೆ. ಮೊಣಕಾಲು ಕೆಳಗೇ ಉಳಿಯುತ್ತದೆ, ನಿಂತ ಕಾಲು ಬಾಗುತ್ತದೆ, ಬೆನ್ನು ಗೂನಾಗುತ್ತದೆ. ಪಾದ ತಲೆ ಎತ್ತರ ಮುಟ್ಟಿದರೂ ಅದರಲ್ಲಿ ಜೋರಿಲ್ಲ.

ಕ್ಲಾಸಿನ ಸೀನಿಯರ್‌ಗಳದ್ದು ಒಂದೇ ಮಾತು: ಮೊದಲು ಸ್ಪ್ಲಿಟ್ ಕೂರು, ಕಿಕ್ ತಾನಾಗೇ ಮೇಲೆ ಹೋಗುತ್ತದೆ. ಸ್ಪ್ಲಿಟ್ ಅಂದರೆ ಎರಡೂ ಕಾಲು ಎದುರುಬದುರು ಚಾಚಿ ಪೂರ್ತಿ ನೆಲಕ್ಕೆ ಕೂರುವುದು; ಎರಡೂ ಪಕ್ಕಕ್ಕೆ ಚಾಚಿದರೆ ಸೈಡ್ ಸ್ಪ್ಲಿಟ್. ಸೈಡ್ ಸ್ಪ್ಲಿಟ್‌ನಲ್ಲಿ ನನಗೆ ನೆಲ ಇನ್ನೂ ಎರಡು ಗೇಣು ದೂರ ಇದೆ. ತಿಂಗಳುಗಟ್ಟಲೆ ಅಲ್ಲೇ ನಿಂತಿದೆ.

ನನ್ನ ಪ್ರಶ್ನೆ ಇಷ್ಟೇ. ತಲೆಗೆ ಕಿಕ್ ಹೊಡೆಯಲು ನಿಜಕ್ಕೂ ಎಷ್ಟು ಫ್ಲೆಕ್ಸಿಬಿಲಿಟಿ ಬೇಕು? ಪೂರ್ತಿ ಸ್ಪ್ಲಿಟ್ ಬರದವರಿಗೆ ಹೈ ಕಿಕ್ ಬರುವುದೇ ಇಲ್ವಾ?

ಕ್ಯಾಂಪ್ ಕರಾಟೆ

ಸೀನಿಯರ್‌ಗಳು ಹೇಳಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಕುಮಿತೆಯಲ್ಲಿ (ಕರಾಟೆಯ ಕಾಳಗದ ಪಂದ್ಯ) ಗುದ್ದಿಗೆ 1 ಪಾಯಿಂಟ್, ಹೊಟ್ಟೆ ಎದೆಗೆ ಕಿಕ್ ಹೊಡೆದರೆ 2, ತಲೆಗೆ ಹೊಡೆದರೆ 3. ಟೇಕ್ವಾಂಡೊದಲ್ಲೂ ಗುದ್ದಿಗೆ 1, ಎದೆಗಾಪಿನ (ಎದೆಗೆ ಕಟ್ಟುವ ರಕ್ಷಾಕವಚ) ಮೇಲೆ ಕಿಕ್ ಬಿದ್ದರೆ 2, ತಲೆಗೆ 3, ಅದೇ ತಿರುಗಿ ಹೊಡೆದರೆ ಇನ್ನೂ ಜಾಸ್ತಿ. ಅಂದರೆ ಆಟವೇ ಮೇಲೆ ಹೊಡೆಯುವವನ ಕಡೆಗಿದೆ. ಅದಕ್ಕೆ ತಯಾರಿಯೂ ಅಷ್ಟೇ ಇರಬೇಕು ಅಲ್ವಾ?

ಇನ್ನೊಂದು ಮಾತು. ನಿಮ್ಮ ದೇಹದ ಕೊನೆಯ ಮಿತಿಯಲ್ಲಿ ಕಿಕ್ ಹೊಡೆದರೆ ಅದು ನಿಧಾನವಾಗುತ್ತದೆ. ಮಿತಿ ಇನ್ನೂ ದೂರ ಇದ್ದಾಗಲೇ ಕಾಲು ಸಲೀಸಾಗಿ, ಸಡಿಲವಾಗಿ ಹೋಗುತ್ತದೆ. ಸ್ಪ್ಲಿಟ್ ಅಂದರೆ ಆ ಮಿಗತೆ. ಅಮೆರಿಕದ ಬಿಲ್ ವಾಲೇಸ್ ಅವರನ್ನು ನೋಡಿ. 'ಸೂಪರ್‌ಫುಟ್' ಎಂದೇ ಹೆಸರು. ಜೂಡೋ ಆಡುವಾಗ ಬಲ ಮೊಣಕಾಲಿಗೆ ಪೆಟ್ಟಾಗಿ, ಎಡಗಾಲೊಂದನ್ನೇ ನೆಚ್ಚಿಕೊಂಡವರು. 1974ರಲ್ಲಿ ಫುಲ್ ಕಾಂಟ್ಯಾಕ್ಟ್ ಕರಾಟೆಯ ವಿಶ್ವ ಪಟ್ಟ ಗೆದ್ದರು, 1980ರಲ್ಲಿ ಸೋಲದೇ ನಿವೃತ್ತರಾದರು. ಎದುರಾಳಿಗೆ ಎಡಗಾಲೇ ಬರುತ್ತದೆ ಅಂತ ಗೊತ್ತಿದ್ದರೂ ತಡೆಯಲು ಆಗುತ್ತಿರಲಿಲ್ಲ. ಅವರು ಸ್ಟ್ರೆಚಿಂಗ್‌ಗೆ ಎಷ್ಟು ಬೆಲೆ ಕೊಡುತ್ತಿದ್ದರು ಅಂತ ಅವರ ತರಬೇತಿ ನೋಡಿದವರಿಗೆಲ್ಲ ಗೊತ್ತು.

ಪ್ಯಾಡ್ ಹಿಡಿಯುವವನು

ಬೆಳಗಾವಿಯಲ್ಲೇ ಮಕ್ಕಳಿಗೂ ದೊಡ್ಡವರಿಗೂ ಕಲಿಸುತ್ತೇನೆ. ಈ ಪ್ರಶ್ನೆ ಪ್ರತಿ ಬ್ಯಾಚ್‌ನಲ್ಲೂ ಬರುತ್ತದೆ. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಲೆಕ್ಕ. ನಿಮ್ಮ ಎತ್ತರ 170. ತೊಡೆಯ ಕೀಲು ನೆಲದಿಂದ ಸುಮಾರು 90 ಸೆಂ.ಮೀ. ಮೇಲಿರುತ್ತದೆ. ನಿಮ್ಮಷ್ಟೇ ಎತ್ತರದ ಎದುರಾಳಿಯ ಗದ್ದ ಸುಮಾರು 148ಕ್ಕೆ ಬರುತ್ತದೆ. ಅಂದರೆ ನಿಮ್ಮ ಕೀಲಿನಿಂದ ಸುಮಾರು 58 ಸೆಂ.ಮೀ. ಮೇಲೆ ಮುಟ್ಟಬೇಕು. ಕಾಲಿನ ಉದ್ದ ಪಾದದ ಮೇಲ್ಭಾಗದವರೆಗೆ 90ರ ಆಸುಪಾಸು. ಹೈಸ್ಕೂಲಿನ ತ್ರಿಕೋನಮಿತಿ ಸಾಕು: ಕಾಲು ಅಡ್ಡ ರೇಖೆಯಿಂದ ಸುಮಾರು 40 ಡಿಗ್ರಿ ಮೇಲೇಳಬೇಕು. ನಿಂತ ಕಾಲಿಗೂ ಎತ್ತಿದ ಕಾಲಿಗೂ ನಡುವೆ ಸುಮಾರು 130 ಡಿಗ್ರಿ. ಪೂರ್ತಿ ಸ್ಪ್ಲಿಟ್ ಎಂದರೆ 180. ಎದುರಾಳಿ 180 ಸೆಂ.ಮೀ. ಎತ್ತರ ಇದ್ದರೂ ನಿಮಗೆ ಬೇಕಾಗುವುದು 138ರ ಸುತ್ತ.

ಇದರಲ್ಲೂ ಮೈ ವಾಲಿದಾಗ ಸೊಂಟ ಓರೆಯಾಗಿ, ಹೊಡೆಯುವ ಕಾಲಿನ ಕೀಲು ಇನ್ನಷ್ಟು ಮೇಲೆ ಬರುತ್ತದೆ. ಹಾಗಾಗಿ ಕಾಲೊಂದೇ ಏರಬೇಕಾದ ಕೆಲಸ ಇನ್ನೂ ಕಡಿಮೆಯಾಗುತ್ತದೆ. ಕ್ಯಾಂಪ್ ಕರಾಟೆ ಅವರ ಮಿಗತೆಯ ಮಾತು ನನಗೆ ಒಪ್ಪಿಗೆ. ಆದರೆ 130 ಬೇಕಾದವನಿಗೆ 150 ಇದ್ದರೆ ಧಾರಾಳ ಮಿಗತೆ. ಇನ್ನುಳಿದ 30 ಡಿಗ್ರಿಗಾಗಿ ವರ್ಷಗಟ್ಟಲೆ ನೆಲಕ್ಕೆ ಕೂರುವುದರ ಬದಲು ಬೇರೆ ಮುಖ್ಯ ಕೆಲಸ ಇದೆ.

ಆ ಕೆಲಸ ಯಾವುದು ಅಂತ ತಿಳಿಯಲು ಇವತ್ತೇ ಒಂದು ಪರೀಕ್ಷೆ ಮಾಡಿ. ಗೋಡೆಗೆ ಒಂದು ಕೈ ಕೊಟ್ಟು ಪಕ್ಕಕ್ಕೆ ನಿಲ್ಲಿ. ಕಿಕ್‌ಗೆ ಮಡಚುವ ಹಾಗೆ ಮೊಣಕಾಲು ಮಡಚಿ ಪಕ್ಕಕ್ಕೆ ಎತ್ತಿ. ಇನ್ನೊಂದು ಕೈಯಿಂದ ಮೊಣಕಾಲನ್ನು ಹಿಡಿದು ಎಷ್ಟು ಮೇಲೆ ಹೋಗುತ್ತದೋ ಅಷ್ಟು ಎತ್ತಿ. ಗೋಡೆಯ ಮೇಲೆ ಆ ಎತ್ತರ ನೆನಪಿಟ್ಟುಕೊಳ್ಳಿ. ಈಗ ಕೈ ಬಿಡಿ. ಮೊಣಕಾಲು ಎಷ್ಟು ಕೆಳಗೆ ಬೀಳುತ್ತದೆ ನೋಡಿ. ಅಂಗೈ ಅಗಲಕ್ಕಿಂತ ಜಾಸ್ತಿ ಬಿದ್ದರೆ ನಿಮಗೆ ಕೊರತೆ ಇರುವುದು ಸ್ಟ್ರೆಚಿಂಗ್‌ದಲ್ಲ, ಕಾಲನ್ನು ಆ ಎತ್ತರದಲ್ಲಿ ಹಿಡಿಯುವ ಬಲದ್ದು. ಬೀಳದಿದ್ದರೆ, ಆದರೆ ಕೈಯಿಂದ ಎತ್ತಿದಾಗಲೂ ಮೊಣಕಾಲು ಸೊಂಟದ ಮಟ್ಟದಲ್ಲೇ ನಿಂತರೆ, ಆಗ ಸ್ಟ್ರೆಚಿಂಗ್ ಮಾಡಿ.

ಪರೀಕ್ಷೆ ಮಾಡಿ ಇಲ್ಲಿ ಬರೆಯಿರಿ.

ಟಿಳಕವಾಡಿ ಬ್ಲೂಬೆಲ್ಟ್

ಸರ್, ಮಾಡಿದೆ. ಕೈಯಲ್ಲಿ ಹಿಡಿದಾಗ ಮೊಣಕಾಲು ಪಕ್ಕೆಲುಬಿನ ಕೆಳಭಾಗಕ್ಕೆ ಬರುತ್ತದೆ. ಕೈ ಬಿಟ್ಟ ಕೂಡಲೇ ಸೊಂಟಕ್ಕಿಂತ ಕೆಳಗೆ ಇಳಿಯಿತು. ಒಂದು ಗೇಣಿಗೂ ಜಾಸ್ತಿ. ಪೃಷ್ಠದ ಪಕ್ಕದಲ್ಲಿ ಸ್ನಾಯು ಹಿಡಿದುಕೊಂಡಿತು. ಎಡಗಾಲು ಇನ್ನೂ ಕಡೆ.

ನವನಗರ ಫಿಸಿಯೋ

ಬಾಗಲಕೋಟೆಯಿಂದ. ಪ್ಯಾಡ್ ಹಿಡಿಯುವವನು ಹೇಳಿದ ಪರೀಕ್ಷೆಯನ್ನೇ ನಾವೂ ಬೇರೆ ರೀತಿಯಲ್ಲಿ ಮಾಡಿಸುತ್ತೇವೆ. ಬೇರೆಯವರು ಎತ್ತಿದಾಗ ಕಾಲು ಎಷ್ಟು ಹೋಗುತ್ತದೆ, ತಾನಾಗಿ ಎಷ್ಟು ಎತ್ತುತ್ತೀರಿ, ಇವೆರಡರ ನಡುವಿನ ಅಂತರ ಮುಖ್ಯ. ಬ್ಲೂಬೆಲ್ಟ್ ಅವರ ಪೃಷ್ಠದ ಪಕ್ಕದಲ್ಲಿ ಹಿಡಿದದ್ದು ಗ್ಲೂಟಿಯಸ್ ಮೀಡಿಯಸ್. ಕಾಲನ್ನು ಪಕ್ಕಕ್ಕೆ ಎತ್ತಿ ಹಿಡಿಯುವ ಮುಖ್ಯ ಸ್ನಾಯು. ಕುರ್ಚಿ ಕೆಲಸದವರಲ್ಲಿ ಇದಕ್ಕೆ ಕೆಲಸವೇ ಇರುವುದಿಲ್ಲ.

ನಾನು ಮೂಳೆಯ ಬಗ್ಗೆ ಹೇಳಬೇಕು, ಏಕೆಂದರೆ ಕ್ಲಾಸುಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ನೇರ ನಿಂತು, ಕಾಲ್ಬೆರಳು ಮುಂದಕ್ಕೆ ಇಟ್ಟು, ಮೈ ವಾಲಿಸದೆ ಕಾಲನ್ನು ಪಕ್ಕಕ್ಕೆ ಎತ್ತಿ. ಹೆಚ್ಚಿನವರಿಗೆ 45 ಡಿಗ್ರಿ ಹತ್ತಿರ ನಿಲ್ಲುತ್ತದೆ. ಬಾಗಿಲು ಗೋಡೆಗೆ ಬಡಿದ ಹಾಗೆ, ತೊಡೆಮೂಳೆಯ ಮೇಲಿನ ಗುಬ್ಬಿ ಸೊಂಟದ ಮೂಳೆಯ ಕಡೆ ಬಂದು ಜಾಗ ಮುಗಿಯುತ್ತದೆ. ಅಲ್ಲಿ ಎಷ್ಟು ಎಳೆದರೂ ವ್ಯರ್ಥ. ಈಗ ಸೊಂಟವನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಪೃಷ್ಠ ಹಿಂದಕ್ಕೆ ತಳ್ಳಿ, ನಿಂತ ಪಾದದ ಹಿಮ್ಮಡಿಯನ್ನು ಗುರಿಯ ಕಡೆ ತಿರುಗಿಸಿ, ಮತ್ತೆ ಎತ್ತಿ. ಅದೇ ಕಾಲು, ಅದೇ ಕ್ಷಣ, ಎಷ್ಟೋ ಮೇಲೆ ಹೋಗುತ್ತದೆ. ಸ್ನಾಯು ಒಂದು ಸೆಂಟಿಮೀಟರ್ ಕೂಡ ಉದ್ದವಾಗಿಲ್ಲ. ಕೀಲಿನೊಳಗೆ ಮೂಳೆಗೆ ಜಾಗ ಸಿಕ್ಕಿತು ಅಷ್ಟೇ.

ಹೈ ಕಿಕ್ ಹೋಗುತ್ತಿಲ್ಲ ಅಂತ ನಮ್ಮ ಹತ್ತಿರ ಬರುವವರಲ್ಲಿ ನಾನು ಮೊದಲು ನೋಡುವುದು ನಿಂತ ಪಾದವನ್ನೇ. ಹಿಮ್ಮಡಿ ತಿರುಗದಿದ್ದರೆ ಸೊಂಟ ತೆರೆದುಕೊಳ್ಳುವುದಿಲ್ಲ. ಆ ತಿರುಚು ಮೊಣಕಾಲಿಗೆ ಹೋಗುತ್ತದೆ. ನಿಧಾನವಾಗಿ ಮೊಣಕಾಲು ಹಾಳಾಗುತ್ತದೆ.

ಇನ್ನೊಂದು. ಎಲ್ಲರ ಕೀಲು ಒಂದೇ ತರ ಇರುವುದಿಲ್ಲ. ತೊಡೆಮೂಳೆ ಕೂರುವ ಗುಂಡಿ ಆಳ ಇದ್ದವರು, ತೊಡೆಮೂಳೆಯ ಕತ್ತಿನ ಕೋನ ಬೇರೆ ಇದ್ದವರು ಇರುತ್ತಾರೆ. ಪಕ್ಕದವನಿಗೆ ಬಂದ ಸೈಡ್ ಸ್ಪ್ಲಿಟ್ ನಿಮಗೆ ಬರದೇ ಇರಬಹುದು. ನೋಡಲು ಸುಲಭ ದಾರಿ ಇದೆ. ಸೊಂಟದ ಎತ್ತರದ ಮೇಜಿನ ಮೇಲೆ ಒಂದು ಕಾಲನ್ನು ಪಕ್ಕಕ್ಕೆ ನೇರವಾಗಿಡಿ, ಸೊಂಟವನ್ನು ಈಗಷ್ಟೇ ಹೇಳಿದ ಹಾಗೆ ಮುಂದಕ್ಕೆ ಬಾಗಿಸಿ. ಎರಡೂ ಕಡೆ ಒಂದೊಂದಾಗಿ ಆರಾಮವಾಗಿ ಬಂದರೆ ನಿಮ್ಮ ಮೂಳೆ ಸ್ಪ್ಲಿಟ್‌ಗೆ ಅಡ್ಡಿಯಿಲ್ಲ, ಏಕೆಂದರೆ ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಹೋಗುವ ಸ್ನಾಯು ಯಾವುದೂ ಇಲ್ಲ. ಆದರೆ ತೊಡೆಸಂದಿಯ ಮುಂಭಾಗದಲ್ಲಿ ಚಿಮುಟಿದ ಹಾಗೆ ನೋವು ಬಂದರೆ ಅಲ್ಲೇ ನಿಲ್ಲಿಸಿ. ಸ್ಟ್ರೆಚ್ ಆಗುವ ಎಳೆತ ಬೇರೆ, ಚಿಮುಟುವ ನೋವು ಬೇರೆ. ಎರಡನೆಯದನ್ನು ತಡೆದುಕೊಂಡು ಮುಂದುವರಿಸಿದರೆ ಗುಂಡಿಯ ಅಂಚಿನ ಮೆದುಮೂಳೆ ಸವೆಯುತ್ತದೆ.

ಗುಮ್ಮಟ ಸವಾರ

ವಿಜಯಪುರದವನು. ನಮ್ಮ ಕಡೆ ಸೈಕ್ಲಿಂಗ್ ಎಷ್ಟು ಅಂತ ನಿಮಗೆಲ್ಲ ಗೊತ್ತೇ ಇದೆ. ವಿಜಯಪುರ, ಬಾಗಲಕೋಟೆ ಹುಡುಗರು ರಾಷ್ಟ್ರೀಯ ಮಟ್ಟದಲ್ಲಿ ಓಡಿಸುತ್ತಾರೆ. ನಾನೂ ಸೈಕಲ್‌ನಿಂದಲೇ ಶುರು ಮಾಡಿ ಆಮೇಲೆ ಕಿಕ್‌ಬಾಕ್ಸಿಂಗ್‌ಗೆ ಬಂದವನು. ತೊಡೆಯಲ್ಲಿ ಬಲ ಭಾಳ ಇದೆ. ಆದರೂ ಕಾಲು ಮೇಲೆ ಹೋಗುವುದಿಲ್ಲ. ಹಿಂದೊಡೆ (ತೊಡೆಯ ಹಿಂಭಾಗದ ಸ್ನಾಯು) ಸಡಿಲ ಆಗಲಿ ಅಂತ ದಿನಾ ಬಗ್ಗಿ ಪಾದ ಮುಟ್ಟುತ್ತೇನೆ. ಅದು ಬರುತ್ತದೆ, ಕಿಕ್ ಮಾತ್ರ ಬರುತ್ತಿಲ್ಲ. ಏಕೆ?

ನವನಗರ ಫಿಸಿಯೋ

ಸೈಕಲ್ ಮೇಲೆ ಸೊಂಟ ಯಾವಾಗಲೂ ಮಡಚಿಕೊಂಡೇ ಇರುತ್ತದೆ. ಗಂಟೆಗಟ್ಟಲೆ. ತೊಡೆ ಪೂರ್ತಿ ಹಿಂದಕ್ಕೆ ಹೋಗುವುದೇ ಇಲ್ಲ. ಹಾಗಾಗಿ ಸೊಂಟದ ಮುಂದಿನ ಸ್ನಾಯುಗಳು ಬಿಗಿಯಾಗುತ್ತವೆ. ಈಗ ಕಿಕ್ ಹೊಡೆಯುವಾಗ ನಿಮ್ಮ ನಿಂತ ಕಾಲನ್ನು ಗಮನಿಸಿ. ಎತ್ತಿದ ಕಾಲಿನ ಬಗ್ಗೆ ಎಲ್ಲರೂ ಯೋಚಿಸುತ್ತಾರೆ, ನಿಂತ ಕಾಲಿನ ಸೊಂಟ ನೇರವಾಗಿ ತೆರೆದುಕೊಳ್ಳಬೇಕು ಅನ್ನುವುದನ್ನು ಮರೆಯುತ್ತಾರೆ. ಅದು ಬಿಗಿ ಇದ್ದರೆ ನಿಂತ ಮೊಣಕಾಲು ಬಾಗುತ್ತದೆ, ಮೈ ಮುಂದಕ್ಕೆ ಕುಸಿಯುತ್ತದೆ, ಕಿಕ್ ಅಲ್ಲೇ ಸಾಯುತ್ತದೆ.

ಒಂದು ಮೊಣಕಾಲು ನೆಲಕ್ಕೂರಿ, ಇನ್ನೊಂದು ಪಾದ ಮುಂದಿಟ್ಟು, ನೆಲಕ್ಕೂರಿದ ಕಡೆಯ ಪೃಷ್ಠವನ್ನು ಗಟ್ಟಿಯಾಗಿ ಬಿಗಿದು ಹಿಡಿಯಿರಿ. ಮುಂದಕ್ಕೆ ಜಾಸ್ತಿ ಹೋಗಬೇಡಿ. ಪೃಷ್ಠ ಬಿಗಿದರೆ ಸಾಕು, ತೊಡೆಯ ಮುಂದೆ ಎಳೆತ ತಾನೇ ಬರುತ್ತದೆ. ಸವಾರಿ ಮುಗಿಸಿ ಬಂದ ಮೇಲೆ ಪ್ರತಿ ಕಡೆ ಅರ್ಧ ನಿಮಿಷ, ಎರಡು ಮೂರು ಸಲ. ಹಿಂದೊಡೆ ನಿಮಗೆ ಈಗಾಗಲೇ ಸಾಕಷ್ಟಿದೆ, ಅದನ್ನು ಬಿಡಿ.

ಬ್ಲ್ಯಾಕ್‌ಬೆಲ್ಟ್ ಕನಸಿನ ಅಮ್ಮ

ಇಲ್ಲಿ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ, ಆದರೂ ಕೇಳುತ್ತೇನೆ. ನನ್ನ ಮಗಳಿಗೆ 13 ವರ್ಷ. ಒಂದು ಕ್ಲಾಸಿಗೆ ಹೋಗುತ್ತಾಳೆ. ಭಾಳ ಇಷ್ಟದಿಂದ ಹೋಗುತ್ತಾಳೆ. ಅಲ್ಲಿ ಬೆಲ್ಟ್ ಪರೀಕ್ಷೆಗೆ ಮುಂಚೆ ಸ್ಪ್ಲಿಟ್ ಮಾಡಿಸುವಾಗ ಸೀನಿಯರ್ ಹುಡುಗನೊಬ್ಬ ಹಿಂದಿನಿಂದ ಭುಜ ಒತ್ತಿ ಕೆಳಗೆ ಕೂರಿಸಿದನಂತೆ. ಏನೋ ಟಪ್ ಅಂದ ಹಾಗಾಯಿತು ಅಂತ ಮಗಳು ಹೇಳುತ್ತಾಳೆ. ಈಗ ಕೂರುವಾಗ ಪೃಷ್ಠದ ಕೆಳಗೆ, ಮೂಳೆ ನೆಲಕ್ಕೆ ತಾಗುವ ಜಾಗದಲ್ಲಿ ನೋವು. ಮೆಟ್ಟಿಲು ಹತ್ತುವಾಗ ಕುಂಟುತ್ತಾಳೆ. ಕ್ಲಾಸಿನಲ್ಲಿ ಕೇಳಿದರೆ ಸ್ನಾಯು ಬಿಟ್ಟುಕೊಂಡಿದೆ, ಒಳ್ಳೆಯದೇ, ಸ್ಟ್ರೆಚಿಂಗ್ ನಿಲ್ಲಿಸಬೇಡಿ ಎಂದರು. ಮುಂದುವರಿಸಲಾ?

ನವನಗರ ಫಿಸಿಯೋ

ಬೇಡ. ದಯವಿಟ್ಟು ಇವತ್ತಿನಿಂದಲೇ ನಿಲ್ಲಿಸಿ. ಸ್ಟ್ರೆಚಿಂಗ್ ಬೇಡ, ಕಿಕ್ ಬೇಡ, ಓಟ ಬೇಡ. ಮಾಲೀಶೂ ಬೇಡ. ಮೂಳೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಸೊಂಟದ ಎಕ್ಸ್‌ರೇ ತೆಗೆಸಿ. ಟಪ್ ಎಂದ ಸದ್ದು, ಸ್ಪ್ಲಿಟ್ ಹೊತ್ತಿನಲ್ಲಿ ಆದದ್ದು ಅನ್ನುವ ಎರಡನ್ನೂ ಡಾಕ್ಟರಿಗೆ ಮರೆಯದೆ ಹೇಳಿ.

ಕಾರಣ ಹೇಳುತ್ತೇನೆ. ಹಿಂದೊಡೆಯ ಸ್ನಾಯುಗಳು ಬಹುಪಾಲು ನಾವು ಕೂರುವ ಮೂಳೆಗೆ ಅಂಟಿಕೊಂಡಿವೆ. ದೊಡ್ಡವರಲ್ಲಿ ಆ ಮೂಳೆ ಗಟ್ಟಿ. ಹಾಗಾಗಿ ಜೋರಾಗಿ ಎಳೆದರೆ ಸಾಮಾನ್ಯವಾಗಿ ಸ್ನಾಯು ಹರಿಯುತ್ತದೆ. ಬೆಳೆಯುವ ಮಕ್ಕಳಲ್ಲಿ ಹಾಗಲ್ಲ. ಅಲ್ಲಿ ಬೆಳವಣಿಗೆಯ ಮೆದು ಪದರ ಇರುತ್ತದೆ, ಅದು ಪೂರ್ತಿ ಗಟ್ಟಿಯಾಗುವುದು ಇಪ್ಪತ್ತು ದಾಟಿದ ಮೇಲೆಯೇ. ಈ ವಯಸ್ಸಿನಲ್ಲಿ ಸ್ನಾಯುವಿಗಿಂತ ಆ ಪದರವೇ ದುರ್ಬಲ. ಥಟ್ಟನೆ ಒತ್ತಿದರೆ ಸ್ನಾಯು ಮೂಳೆಯ ಚೂರನ್ನೇ ಕಿತ್ತುಕೊಂಡು ಬರಬಹುದು. ನಿಮ್ಮ ಮಗಳಿಗೆ ಅದೇ ಆಗಿದೆ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಆದರೆ ನೀವು ಹೇಳಿದ ಲಕ್ಷಣಕ್ಕೆ ಎಕ್ಸ್‌ರೇ ಇಲ್ಲದೆ ಮುಂದೆ ಹೋಗಬಾರದು. ಬೇಗ ಗೊತ್ತಾದರೆ ಹೆಚ್ಚಿನ ಮಕ್ಕಳು ವಿಶ್ರಾಂತಿಯಲ್ಲೇ ಚೆನ್ನಾಗಿ ವಾಸಿಯಾಗಿ ಆಟಕ್ಕೆ ಮರಳುತ್ತಾರೆ.

ಕಲಿಸುವ ಎಲ್ಲರಿಗೂ ಕೈ ಮುಗಿದು ಕೇಳುತ್ತೇನೆ. ಮಕ್ಕಳ ಭುಜ, ಮೊಣಕಾಲು ಒತ್ತಿ ಸ್ಪ್ಲಿಟ್ ಮಾಡಿಸಬೇಡಿ. ಮಗು ತಾನಾಗಿ ಎಷ್ಟು ಹೋಗುತ್ತದೋ ಅಷ್ಟೇ. ಎತ್ತರ ಸರಸರ ಬೆಳೆಯುವ ವರ್ಷದಲ್ಲಿ ಮೂಳೆ ಮೊದಲು ಉದ್ದವಾಗಿ ಸ್ನಾಯು ಬಿಗಿಯಾದಂತೆ ಕಾಣುತ್ತದೆ. ಆಗ ಮಗು ಸೋಮಾರಿಯಾಯಿತು ಅಂತ ಬೈದು ಒತ್ತುತ್ತಾರೆ. ಒತ್ತಲೇಬಾರದ ಹೊತ್ತು ಅದು.

ಕ್ಯಾಂಪ್ ಕರಾಟೆ

ತಾಯಿಯವರೇ, ದಯವಿಟ್ಟು ಫಿಸಿಯೋ ಹೇಳಿದ ಹಾಗೆ ಮಾಡಿ. ಸ್ಪ್ಲಿಟ್ ಬೇಕು ಅಂತ ವಾದಿಸಿದವನು ನಾನೇ, ಆದರೆ ಬೇರೆಯವರು ಒತ್ತುವುದನ್ನು ನಾನು ಯಾವತ್ತೂ ಒಪ್ಪುವುದಿಲ್ಲ. ನಮ್ಮ ಡೋಜೋದಲ್ಲಿ ಅದಕ್ಕೆ ಅವಕಾಶವೇ ಇಲ್ಲ.

ಆದರೂ ಪ್ಯಾಡ್ ಹಿಡಿಯುವವನ ಲೆಕ್ಕಕ್ಕೆ ಒಂದು ತಕರಾರು. ರೌಂಡ್‌ಹೌಸ್‌ಗೆ ನಿಮ್ಮ 130 ಸರಿ. ಆ್ಯಕ್ಸ್ ಕಿಕ್‌ಗೆ? ಅಲ್ಲಿ ಕಾಲು ನೇರವಾಗಿ ಎದುರಾಳಿಯ ತಲೆಯ ಮೇಲೆ ಹೋಗಿ, ಆಮೇಲೆ ಕೆಳಗೆ ಬೀಳಬೇಕು. ಮೊಣಕಾಲು ಮಡಚಿ ಉಳಿಸಿಕೊಳ್ಳಲು ಆಗುವುದಿಲ್ಲ. ಹಿಂದೊಡೆ ಪೂರ್ತಿ ಬಿಡಲೇಬೇಕು. ಹತ್ತಿರ ನಿಂತು ಎದುರಾಳಿಯ ಗದ್ದಕ್ಕೆ ಏರುವ ಕಿಕ್‌ಗೂ ಅಷ್ಟೇ. ದೂರ ಕಡಿಮೆಯಾದಷ್ಟೂ ಕೋನ ಏರುತ್ತದೆ. ಕೆಲವು ಕಟಾಗಳಲ್ಲಂತೂ (ಎದುರಾಳಿಯಿಲ್ಲದೆ ಒಬ್ಬರೇ ಮಾಡಿ ತೋರಿಸುವ ವರಸೆ) ಕಾಲನ್ನು ನಿಧಾನವಾಗಿ ಎತ್ತಿ ಮೇಲೆ ನಿಲ್ಲಿಸಿ ತೋರಿಸಬೇಕಾಗುತ್ತದೆ.

ಪ್ಯಾಡ್ ಹಿಡಿಯುವವನು

ತಕರಾರು ನ್ಯಾಯವಾದದ್ದು. ಆ್ಯಕ್ಸ್ ಕಿಕ್‌ಗೆ ನನ್ನ ಲೆಕ್ಕ ಸಾಲದು. ಅದಕ್ಕೆ ಫ್ರಂಟ್ ಸ್ಪ್ಲಿಟ್ (ಒಂದು ಕಾಲು ಮುಂದೆ, ಇನ್ನೊಂದು ಹಿಂದೆ) ಹತ್ತಿರ ಬರುವಷ್ಟು ಸಡಿಲ ಹಿಂದೊಡೆ ಬೇಕು. ಪೂಮ್ಸೆ (ಟೇಕ್ವಾಂಡೊದ ಕಟಾ), ಕಟಾ ಮಾಡುವವರಿಗೂ ಜಾಸ್ತಿ ಬೇಕು. ಆದರೆ ಗಮನಿಸಿ, ಅವರಿಗೂ ಬೇಕಾದದ್ದು ಮೇಲೆ ನಿಲ್ಲಿಸುವ ಬಲವೇ. ನೆಲದ ಮೇಲೆ ಸ್ಪ್ಲಿಟ್ ಕೂತು ಫೋಟೊ ತೆಗೆಸಿಕೊಳ್ಳುವ ಹುಡುಗನಿಗೆ ಅದೇ ಕಾಲನ್ನು ನಿಂತು ಎತ್ತಿ ಮೂರು ಸೆಕೆಂಡ್ ಹಿಡಿ ಎಂದರೆ ಆಗುವುದಿಲ್ಲ. ಇದನ್ನು ಎಷ್ಟೋ ಸಲ ನೋಡಿದ್ದೇನೆ.

ಬ್ಲೂಬೆಲ್ಟ್ ಅವರಿಗೆ ಈಗ ಕೆಲಸ ಹೇಳುತ್ತೇನೆ. ಕ್ಲಾಸಿಗೆ ಮುಂಚೆ ಕೂತು ಉದ್ದುದ್ದ ಸ್ಟ್ರೆಚ್ ಹಿಡಿಯಬೇಡಿ. ಒಂದೇ ಸ್ನಾಯುವನ್ನು ಒಂದು ನಿಮಿಷಕ್ಕಿಂತ ಜಾಸ್ತಿ ಎಳೆದು ಹಿಡಿದರೆ ತಕ್ಷಣಕ್ಕೆ ಅದರ ಬಲ, ಚುರುಕು ಸ್ವಲ್ಪ ತಗ್ಗುತ್ತದೆ. ಅದಕ್ಕೆ ಬದಲು ಮೈ ಬೆವರುವವರೆಗೆ ಸ್ಕಿಪ್ಪಿಂಗ್ ಅಥವಾ ನಿಧಾನ ಓಟ. ಆಮೇಲೆ ಕಾಲು ಬೀಸುವುದು: ಮುಂದೆ, ಪಕ್ಕಕ್ಕೆ, ಹಿಂದೆ. ಸೊಂಟದ ಎತ್ತರದಿಂದ ಶುರು ಮಾಡಿ ಬೀಸುತ್ತ ಬೀಸುತ್ತ ಮೇಲೆ ಹೋಗಿ. ಎಸೆಯಬೇಡಿ, ಎತ್ತಿ. ಕಾಲು ಕೆಳಗೆ ಬರುವಾಗಲೂ ನಿಮ್ಮ ಹಿಡಿತದಲ್ಲಿರಬೇಕು. ಬೆಳಗಾವಿಯ ಡಿಸೆಂಬರ್ ಬೆಳಗಿನಲ್ಲಿ ಇದಕ್ಕೆ ಎರಡು ಪಟ್ಟು ಹೊತ್ತು ಕೊಡಿ. ಹಿಂದೊಡೆ ಹಿಡಿದುಕೊಳ್ಳುವುದು ಜಾಸ್ತಿ ಆ ಚಳಿಯಲ್ಲೇ. ಮಳೆಗಾಲದಲ್ಲಿ ಮೈದಾನ ಬಿಟ್ಟು ಒಳಗೆ ಮಾಡುವಾಗ ಜಾಗ ಸಾಲದೆ ವಾರ್ಮ್‌ಅಪ್ ಮೊಟಕು ಮಾಡುತ್ತಾರೆ, ಅದೂ ತಪ್ಪು.

ಆಮೇಲೆ ಬಲ. ಗೋಡೆ ಹಿಡಿದು ಮೊಣಕಾಲು ಮಡಚಿ ಪಕ್ಕಕ್ಕೆ ಎತ್ತಿ, ಕೈ ಬಿಟ್ಟು ಹಿಡಿಯುವುದು. ನಿಮ್ಮದು ಬೀಳುತ್ತದೆ ಎಂದಿರಲ್ಲ, ಬೀಳುವ ಜಾಗದಲ್ಲೇ ಐದು ಸೆಕೆಂಡ್ ಹಿಡಿಯಿರಿ. ಅಲ್ಲಿಂದ ನಿಧಾನವಾಗಿ ಕಾಲು ಚಾಚಿ, ಮಡಚಿ, ಇಳಿಸಿ. ಪ್ರತಿ ಕಾಲಿಗೆ ಐದಾರು ಸಲ ಸಾಕು. ಸರಿಯಾಗಿ ಮಾಡಿದರೆ ಅಷ್ಟಕ್ಕೇ ತೊಡೆ ನಡುಗುತ್ತದೆ. ವಾರಕ್ಕೆ ಮೂರು ದಿನ. ಇದನ್ನು ಮಾಡುವಾಗ ನಿಂತ ಪಾದದ ಹಿಮ್ಮಡಿ ಗುರಿಯ ಕಡೆ ಇದೆಯಾ ಅಂತ ಪ್ರತಿ ಸಲ ಕೆಳಗೆ ನೋಡಿ.

ಕ್ಲಾಸ್ ಮುಗಿದು ಮೈ ಬಿಸಿ ಇರುವಾಗ ಸ್ಟ್ರೆಚ್ ಮಾಡಿ. ಸುಮ್ನೆ ಎಳೆಯುವುದಕ್ಕಿಂತ ಬಿಗಿದು ಬಿಡುವ ವಿಧಾನ ಒಳ್ಳೆಯದು. ಕಾಲು ಅಗಲಿಸಿ ನಿಂತು, ಎರಡೂ ಪಾದಗಳಿಂದ ನೆಲವನ್ನು ಒಳಕ್ಕೆ ಎಳೆಯುವ ಹಾಗೆ ಒಳದೊಡೆಯನ್ನು ಆರೇಳು ಸೆಕೆಂಡ್ ಬಿಗಿಯಿರಿ. ಉಸಿರು ಬಿಟ್ಟು ಸಡಿಲಿಸಿ, ಸಿಕ್ಕಷ್ಟು ಕೆಳಗೆ ಹೋಗಿ. ಮೂರ್ನಾಲ್ಕು ಸಲ. ಇದರಿಂದ ಸ್ನಾಯುವಿಗೆ ಆ ಉದ್ದದಲ್ಲಿ ಬಲವೂ ಬರುತ್ತದೆ.

ಆಖಾಡದ ಮಣ್ಣು

ಕುಸ್ತಿ ಆಡುವವನು, ಕಿಕ್ ನನ್ನ ವಿಷಯ ಅಲ್ಲ. ಆದರೂ ಒಂದು ಮಾತು. ನಮ್ಮ ಗರಡಿಯಲ್ಲಿ ಯಾರೂ ಸ್ಪ್ಲಿಟ್ ಕೂರುವುದಿಲ್ಲ. ಬಸ್ಕಿ ಹೊಡೆಯುತ್ತೇವೆ, ಪೂರ್ತಿ ಕೆಳಗೆ ಕೂತು ಏಳುತ್ತೇವೆ. ಕಿಕ್‌ಬಾಕ್ಸಿಂಗ್ ಹುಡುಗರು ಕೆಲವರು ನಮ್ಮ ಹತ್ತಿರ ತಾಲೀಮಿಗೆ ಬರುತ್ತಾರೆ. ಬಸ್ಕಿಯಲ್ಲಿ ಹಿಮ್ಮಡಿ ಎತ್ತದೆ ಪೂರ್ತಿ ಕೂರಲು ಆಗದವರೇ ಜಾಸ್ತಿ. ಹೊಲದಲ್ಲಿ ದಿನವಿಡೀ ಕುಕ್ಕುರುಗಾಲಿನಲ್ಲಿ ಕೂತು ಕಳೆ ತೆಗೆಯುವ ನಮ್ಮ ಹೆಣ್ಣುಮಕ್ಕಳಿಗೆ ಇರುವ ಸೊಂಟದ ಸಡಿಲತೆ ಪಟ್ಟಣದ ಹುಡುಗರಿಗಿಲ್ಲ. ಸ್ಪ್ಲಿಟ್ ಆಮೇಲೆ, ಮೊದಲು ನೆಲಕ್ಕೆ ಸರಿಯಾಗಿ ಕೂರಲು ಕಲಿಯಲಿ ಅನ್ನುವುದು ನನ್ನ ಅನಿಸಿಕೆ.

ಐವತ್ತು ದಾಟಿದ ಕರಾಟೆಗಾರ್ತಿ

ಇಲ್ಲಿ ಎಲ್ಲರೂ ಬಿಗಿ ಮೈಯವರ ಬಗ್ಗೆ ಮಾತಾಡುತ್ತಿದ್ದಾರೆ. ನಾನು ಇನ್ನೊಂದು ಕಡೆಯವಳು. ನನ್ನದು ಹುಟ್ಟಾ ಸಡಿಲ ಮೈ. ಹೆಬ್ಬೆರಳು ಬಗ್ಗಿ ಮುಂಗೈಗೆ ತಾಗುತ್ತದೆ, ಮೊಣಕೈ ಹಿಂದಕ್ಕೆ ಬಾಗುತ್ತದೆ. ಹುಡುಗಿಯಾಗಿದ್ದಾಗ ಸ್ಪ್ಲಿಟ್ ಆಟದಷ್ಟು ಸುಲಭ. ಎಲ್ಲರೂ ಹೊಗಳುತ್ತಿದ್ದರು, ಇನ್ನೂ ಎಳೆಸುತ್ತಿದ್ದರು. ಈಗ ಸೊಂಟದ ಕೀಲು ಹಿಡಿತದಲ್ಲಿಲ್ಲದ ಹಾಗೆ ಕಳಕ್ ಅನ್ನುತ್ತದೆ. ನನ್ನಂಥವರಿಗೆ ಸ್ಟ್ರೆಚಿಂಗ್ ಬೇಕಾಗಿಯೇ ಇರಲಿಲ್ಲ, ಬಲ ಬೇಕಾಗಿತ್ತು. ತೂಕ ಎತ್ತುವ ವ್ಯಾಯಾಮ ಶುರು ಮಾಡಿದ ಮೇಲೆ ಕೀಲು ಗಟ್ಟಿಯಾಗಿದೆ. ಈಗಲೂ ಎದೆ ಎತ್ತರಕ್ಕೆ ಸೈಡ್ ಕಿಕ್ ಹೊಡೆಯುತ್ತೇನೆ. ತಲೆ ಎತ್ತರಕ್ಕೂ ಹೋಗುತ್ತದೆ, ಆದರೆ ಬೇಕು ಅನ್ನಿಸುವುದಿಲ್ಲ.

ಕಲಿಸುವವರು ಸುಲಭವಾಗಿ ಸ್ಪ್ಲಿಟ್ ಬರುವ ಮಗುವನ್ನು ಮುಂದೆ ನಿಲ್ಲಿಸಿ ತೋರಿಸುತ್ತಾರೆ. ಆ ಮಗುವಿನ ಮೇಲೂ ಕಣ್ಣಿಡಿ.

ಮತ್ತೆ, ಕಿಕ್‌ನ ಬೆಲೆಯನ್ನು ಎತ್ತರದಿಂದಲೇ ಅಳೆಯುವುದು ನನಗೆ ಬೇಸರ ತರುತ್ತದೆ. ಪ್ಯಾರಾ ಟೇಕ್ವಾಂಡೊ ಕ್ಯೊರುಗಿಯಲ್ಲಿ (ಎದುರಾಳಿಯ ಜೊತೆ ಆಡುವ ಪಂದ್ಯ) ತಲೆಗೆ ಹೊಡೆಯುವಂತೆಯೇ ಇಲ್ಲ, ಎಲ್ಲ ಎದೆಗಾಪಿನ ಮೇಲೆ. ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಆ ಆಟ ಮೊದಲ ಸಲ ಬಂದಾಗ ನಮ್ಮ ಅರುಣಾ ತನ್ವರ್ ಆಡಿದ್ದರು. ಆ ಪಂದ್ಯಗಳನ್ನು ನೋಡಿ. ವೇಗ, ಅಂತರ, ತಿರುಗುವ ಚಾತುರ್ಯ ಯಾವುದಕ್ಕೂ ಕೊರತೆಯಿಲ್ಲ.

ಟಿಳಕವಾಡಿ ಬ್ಲೂಬೆಲ್ಟ್

ಎಲ್ಲರಿಗೂ ಧನ್ಯವಾದ. ಕೆಲವು ವಾರ ಬಿಟ್ಟು ಬರೆಯುತ್ತಿದ್ದೇನೆ. ಪ್ಯಾಡ್ ಹಿಡಿಯುವವನು ಹೇಳಿದ ಗೋಡೆಯ ಕೆಲಸ, ಜೊತೆಗೆ ಬಸ್ಕಿ ಮಾಡುತ್ತಿದ್ದೇನೆ. ಸ್ಪ್ಲಿಟ್ ಇದ್ದಲ್ಲೇ ಇದೆ, ಎರಡು ಗೇಣು. ಆದರೆ ಕೈ ಬಿಟ್ಟಾಗ ಮೊಣಕಾಲು ಈಗ ಅಂಗೈ ಅಗಲದಷ್ಟೇ ಇಳಿಯುತ್ತದೆ. ಬಲಗಾಲಿನ ಡೊಲ್ಯೊ ಚಾಗಿ ನನ್ನಷ್ಟೇ ಎತ್ತರದವನ ಗದ್ದಕ್ಕೆ ಹೋಗುತ್ತಿದೆ. ದೊಡ್ಡ ವ್ಯತ್ಯಾಸ ಬಂದದ್ದು ಹಿಮ್ಮಡಿ ತಿರುಗಿಸಿದ್ದರಿಂದ. ಮೊದಲು ಪಾದ ಅರ್ಧ ತಿರುಗಿಸಿ ನಿಲ್ಲಿಸುತ್ತಿದ್ದೆ ಅಂತ ವಿಡಿಯೊ ನೋಡಿದ ಮೇಲೆ ಗೊತ್ತಾಯಿತು.

ಎಡಗಾಲು ಇನ್ನೂ ಭುಜದವರೆಗೆ ಮಾತ್ರ. ಎತ್ತರದವರ ಜೊತೆ ಸ್ಪಾರಿಂಗ್ ಇದ್ದಾಗ ಏನು ಮಾಡಲಿ?

ಪ್ಯಾಡ್ ಹಿಡಿಯುವವನು

ಎತ್ತರದವನ ತಲೆ ಯಾವಾಗಲೂ ಮೇಲೇ ಇರುವುದಿಲ್ಲ. ಮೊದಲು ಹೊಟ್ಟೆಗೆ ಎರಡು ಮೂರು ಸಲ ಗಟ್ಟಿಯಾಗಿ ಹೊಡೆಯಿರಿ. ಅವನ ಕೈ ಕೆಳಗೆ ಬರುತ್ತದೆ, ಮೈ ಮುಂದಕ್ಕೆ ಬಾಗುತ್ತದೆ. ಆಗ ಗದ್ದ ಕೆಳಗೆ ಸಿಗುತ್ತದೆ. ಅದೇ ಮಡಚಿನಿಂದ, ಮೊಣಕಾಲನ್ನು ಹೊಟ್ಟೆಗೆ ಹೊಡೆಯುವ ಹಾಗೇ ಎತ್ತಿ, ಕೊನೆ ಕ್ಷಣದಲ್ಲಿ ಮೇಲೆ ತಿರುಗಿಸಿ. ಎಡಗಾಲಿಗೆ ಒಂದು ಸೆಟ್ ಜಾಸ್ತಿ ಮಾಡಿ, ಭುಜದ ಎತ್ತರಕ್ಕೆ ಸ್ವಚ್ಛವಾಗಿ ಬೀಳುವವರೆಗೆ ಅದರ ಮೇಲೆ ಎತ್ತಬೇಡಿ.

ಬ್ಲ್ಯಾಕ್‌ಬೆಲ್ಟ್ ಕನಸಿನ ಅಮ್ಮ

ಫಿಸಿಯೋ ಅವರಿಗೆ ತಿಳಿಸಬೇಕಿತ್ತು. ಎಕ್ಸ್‌ರೇಯಲ್ಲಿ ಮೂಳೆಯ ಸಣ್ಣ ಚೂರು ಎದ್ದಿರುವುದು ಕಾಣಿಸಿತು. ಹೆಚ್ಚು ದೂರ ಸರಿದಿಲ್ಲ, ಆಪರೇಷನ್ ಬೇಡ ಎಂದರು. ಈಗ ವಿಶ್ರಾಂತಿ, ಆಮೇಲೆ ನಿಧಾನವಾಗಿ ವ್ಯಾಯಾಮ. ಮಗಳು ಕಿಕ್ ಯಾವಾಗ ಹೊಡೆಯಬಹುದು ಅಂತ ದಿನಾ ಕೇಳುತ್ತಾಳೆ. ಬೇರೆ ಕ್ಲಾಸ್ ಹುಡುಕುತ್ತಿದ್ದೇವೆ. ಕಲಿಸುವವರನ್ನು ಏನು ಕೇಳಬೇಕು?

ನವನಗರ ಫಿಸಿಯೋ

ಒಳ್ಳೆಯದಾಯಿತು, ಸಕಾಲಕ್ಕೆ ಹೋದಿರಿ. ಡಾಕ್ಟರ್ ಒಪ್ಪುವವರೆಗೆ ಕಿಕ್ ಬೇಡ, ಅವಳಿಗೆ ಎಷ್ಟೇ ಚೆನ್ನಾಗಿದೆ ಅನ್ನಿಸಿದರೂ. ಮರಳುವಾಗ ಮೊದಲು ಬಲ, ಆಮೇಲೆ ಓಟ, ಆಮೇಲೆ ಸೊಂಟದ ಎತ್ತರದ ಕಿಕ್. ಎಳೆಯುವ ಸ್ಟ್ರೆಚ್ ಎಲ್ಲಕ್ಕಿಂತ ಕೊನೆಗೆ.

ಹೊಸ ಕ್ಲಾಸಿಗೆ ಹೋದಾಗ ಏನೂ ಕೇಳಬೇಡಿ, ಒಂದು ದಿನ ಪೂರ್ತಿ ಕೂತು ನೋಡಿ. ವಾರ್ಮ್‌ಅಪ್ ಎಷ್ಟು ಹೊತ್ತು ನಡೆಯುತ್ತದೆ, ಸ್ಪ್ಲಿಟ್ ಮಾಡುವಾಗ ಮಕ್ಕಳ ಮೈ ಮೇಲೆ ಯಾರಾದರೂ ಕೈ ಇಡುತ್ತಾರಾ, ನೋವು ಅಂದ ಮಗುವನ್ನು ಸರ್ ಹೇಗೆ ಮಾತಾಡಿಸುತ್ತಾರೆ ಅಂತ ಗಮನಿಸಿ. ಆಮೇಲೆ ಮಗಳ ಎಕ್ಸ್‌ರೇ ವಿಷಯ ಹೇಳಿ. ಅದನ್ನು ಕೇಳಿ ಅವರು ಡಾಕ್ಟರ್ ಚೀಟಿ ತನ್ನಿ ಎಂದರೆ ಅಲ್ಲಿಗೇ ಸೇರಿಸಿ.